ಅವನಿಗೆ ಸೇವೆ, ಅವಳಿಗೆ ಚಾಕರಿ: ಬೆಟಗೇರಿಯ ಒಂದು ಮನೆಯ ಪ್ರಕರಣ ಅಧ್ಯಯನ

2023ರ ಮಾರ್ಚ್ ಮೊದಲ ವಾರ ಹುಬ್ಬಳ್ಳಿಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. “ನಮ್ಮವ್ವ ಗುಳಿಗಿ ನುಂಗೂದು ಬಿಟ್ಟಾಳ್ರಿ. ಕೇಳಿದ್ರ ನುಂಗೀನಿ ಅಂತಾಳ. ಡಬ್ಬಿ ತಗದು ನೋಡಿದ್ರ ಹೋದ ತಿಂಗಳಿನವೂ ಹಂಗ ಅದಾವ.”

ಸಕ್ಕರೆ ಕಾಯಿಲೆಯ ತಾಯಿ ಗುಳಿಗೆ ಬಿಟ್ಟರೆ ಡಾಕ್ಟರ ಹತ್ತಿರ ಹೋಗಬೇಕಲ್ಲ, ನನ್ನ ಹತ್ತಿರ ಯಾಕೆ ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ತಮ್ಮ ಮಿಷನರಿ ಆಗಿ ಒಡಿಶಾಕ್ಕ ಹೋದಾಗಿಂದ ಹಿಂಗ ಆಗೇತ್ರಿ” ಎಂದಳು.

ನಾನು ಧಾರವಾಡದಲ್ಲಿ ಆಪ್ತಸಮಾಲೋಚಕಿ. ಹುಟ್ಟಿ ಬೆಳೆದದ್ದು ಗದಗಿಗೆ ಅಂಟಿಕೊಂಡ ಬೆಟಗೇರಿಯ ಕ್ರೈಸ್ತ ಸಭೆಯಲ್ಲಿ. ಹೀಗಾಗಿ ಈ ಪ್ರಕರಣ ನನಗೆ ದೂರದ್ದಲ್ಲ, ಅದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಮನೆಯ ಮೂವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹತ್ತುವ ಕೆಲವು ವಿವರ ಬದಲಿಸಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ. ಮನೆಯಲ್ಲಿ ಒಬ್ಬರನ್ನೊಬ್ಬರು ಕರೆಯುವ ಹಾಗೆ ಅವ್ವ, ಅಕ್ಕ, ತಮ್ಮ ಎಂದೇ ಬರೆಯುತ್ತೇನೆ. ನಮ್ಮ ಕಡೆ ಕಿರಿಯ ಮಗನನ್ನು ಹೆತ್ತ ತಾಯಿಯೂ ‘ತಮ್ಮಾ’ ಎಂದೇ ಕೂಗುವುದು.

ಮನೆಯ ಹಿನ್ನೆಲೆ

ನಾಲ್ಕು ತಲೆಮಾರಿನಿಂದ ಕ್ರೈಸ್ತರಾಗಿರುವ ಮನೆ. ಅವ್ವನ ಮುತ್ತಜ್ಜ ಮಗ್ಗದವನು. ಅಪ್ಪ ಗದಗಿನ ಒಂದು ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದವನು, 2016ರಲ್ಲಿ ತೀರಿಕೊಂಡ. ಅವ್ವ ಆಸ್ಪತ್ರೆಯೊಂದರಲ್ಲಿ ಆಯಾ ಆಗಿ ದುಡಿದು ನಿವೃತ್ತಳಾದಾಕೆ. ನಾನು ಕಂಡಾಗ ಅರವತ್ತೊಂದು ವರ್ಷ. ಜೊತೆಗೆ ಅವ್ವನ ತಾಯಿ, ಎಂಬತ್ತು ದಾಟಿದ ಆಯಿ. ಅಕ್ಕನನ್ನು ಹುಬ್ಬಳ್ಳಿಗೆ ಕೊಟ್ಟಿದ್ದಾರೆ. ಗಂಡ ರೈಲ್ವೆ ವರ್ಕ್‌ಶಾಪಿನಲ್ಲಿ, ಇಬ್ಬರು ಮಕ್ಕಳು, ಅವಳು ಮನೆಯಲ್ಲಿ ಜಂಪರ್ ಹೊಲಿಯುತ್ತಾಳೆ. ತಮ್ಮ ನರ್ಸಿಂಗ್ ಕಲಿತು ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ. ವಾರವೆಲ್ಲ ಅಕ್ಕನ ಮನೆ, ಶನಿವಾರ ರಾತ್ರಿ ಬೆಟಗೇರಿ. ತಿಂಗಳಿಗೆ ಒಂಬತ್ತು ಸಾವಿರ ಅವ್ವನ ಕೈಗೆ ಕೊಡುತ್ತಿದ್ದ. ಅದರಲ್ಲೇ ಇಬ್ಬರು ಮುದುಕಿಯರ ಔಷಧಿ, ಕಿರಾಣಿ, ಕರೆಂಟು.

2021ರ ಕೊರೋನಾ ಎರಡನೇ ಅಲೆಯಲ್ಲಿ ವಾರ್ಡಿನಲ್ಲಿದ್ದಾಗ ಅವನೊಳಗೆ ಏನೋ ತಿರುಗಿತು. ಮನೆಯವರ ಮುಖ ಕಾಣದೆ ಸತ್ತವರ ಕೈ ಹಿಡಿದು ಕೂತಿದ್ದೆ, ಹಾಗೆ ಕೈ ಹಿಡಿಯುವವರೇ ಇಲ್ಲದ ಕಡೆಗೆ ಹೋಗು ಎಂಬ ಮಾತು ಆಗ ಕೇಳಿತು ಎಂದು ಅವನು ನನಗೆ ಹೇಳಿದ್ದುಂಟು. ಈ ಕರೆಯನ್ನು ನಾನು ಒರೆಗೆ ಹಚ್ಚಲಿಲ್ಲ. ಅದು ನನ್ನ ಕೆಲಸವೂ ಅಲ್ಲ. ಹದಿನಾಲ್ಕು ತಿಂಗಳು ಮಾತಾಡಿದ ಮೇಲೂ ಅದು ಓಡಿಹೋಗುವ ನೆವ ಎಂದು ನನಗೆ ಅನ್ನಿಸಲಿಲ್ಲ ಎಂಬುದನ್ನು ಮಾತ್ರ ದಾಖಲಿಸುತ್ತೇನೆ. ಒಂದು ಭಾರತೀಯ ಮಿಷನ್ ಸಂಸ್ಥೆಯಲ್ಲಿ ತರಬೇತಿ ಮುಗಿಸಿ, ಒಡಿಶಾದ ರಾಯಗಡಾ ಜಿಲ್ಲೆಯ ಗುಡ್ಡಗಾಡಿನ ಸಣ್ಣ ದವಾಖಾನೆಗೆ 2022ರ ಜೂನ್‌ನಲ್ಲಿ ಹೊರಟ. ಆಗ ಅವನಿಗೆ ಇಪ್ಪತ್ತೆಂಟು.

ಹೊರಟ ದಿನ

ಕಳುಹಿಸುವ ಆರಾಧನೆ ಹುಬ್ಬಳ್ಳಿಯ ಸಭೆಯಲ್ಲಿ ನಡೆಯಿತು. ಲೂಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯ ಓದಿದರು: ಮನೆಯವರಿಗೆ ಹೇಳಿ ಬರುತ್ತೇನೆ ಎಂದವನಿಗೆ ಯೇಸು, ನೇಗಿಲಿಗೆ ಕೈ ಹಾಕಿ ಹಿಂದಕ್ಕೆ ನೋಡುವವನು ದೇವರ ರಾಜ್ಯಕ್ಕೆ ತಕ್ಕವನಲ್ಲ ಎನ್ನುವ ಭಾಗ. ಅವ್ವ ಎರಡನೇ ಸಾಲಿನಲ್ಲಿ ಕೂತಿದ್ದಳು. ಕಣ್ಣು ತುಂಬಿ ಬಂದಾಗ ಪಕ್ಕದಾಕೆ, “ಅಳಬ್ಯಾಡ್ರಿ, ಇವತ್ತ ಸಂತೋಷದ ದಿವಸ” ಎಂದು ಮೊಣಕೈ ಒತ್ತಿದಳು. ಹಿರಿಯರೊಬ್ಬರು ಅಬ್ರಹಾಮ ತನ್ನ ಮಗ ಇಸಾಕನನ್ನು ದೇವರಿಗೆ ಬಲಿಯಾಗಿ ಕೊಟ್ಟ ಹಾಗೆ ಈ ತಾಯಿ ಕೊಟ್ಟಿದ್ದಾಳೆ ಎಂದು ಹೊಗಳಿದರು. ಎಲ್ಲರೂ ಕೈ ತಟ್ಟಿದರು.

ಒಂದು ವರ್ಷದ ನಂತರ ಆ ಹೊಗಳಿಕೆಯ ಬಗ್ಗೆ ಅವ್ವ ನನ್ನನ್ನು ಕೇಳಿದ್ದು: “ಬಾಯಾರ, ಅಬ್ರಹಾಮಗ ಮಗ ಗುಡ್ಡದ ಮ್ಯಾಲೇ ತಿರುಗಿ ಸಿಕ್ಕ. ಅದೂ ಇರಲಿ. ಸಾರಾನ್ನ ಯಾರರೆ ಕೇಳಿದ್ರೇನು?” ಆದಿಕಾಂಡದ ಇಪ್ಪತ್ತೆರಡನೇ ಅಧ್ಯಾಯ ತೆಗೆದು ನೋಡಿದೆ. ಅಲ್ಲಿ ಇಸಾಕನ ತಾಯಿ ಸಾರಾಳ ಹೆಸರೇ ಇಲ್ಲ. ಮುಂದಿನ ಅಧ್ಯಾಯ ಶುರುವಾಗುವುದು ಅವಳ ಸಾವಿನಿಂದ. ಇಷ್ಟು ವರ್ಷ ಆ ಕಥೆ ಕೇಳಿದ್ದ ನನಗೆ ಅದು ಹೊಳೆದಿರಲಿಲ್ಲ.

ಆರಾಧನೆ ಮುಗಿದ ಮರುದಿನ ಅವ್ವ ಬಸ್ಸು ಹತ್ತಿ ಊರಿಗೆ ಹೋದಳು. ತಮ್ಮನನ್ನು ಬಿಡಲು ಅಕ್ಕ ಹುಬ್ಬಳ್ಳಿ ನಿಲ್ದಾಣಕ್ಕೆ ಬಂದಿದ್ದಳು. ಈಗ ಒಂದೂವರೆ ಕಿಲೋಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇರುವ ನಿಲ್ದಾಣ ಅದು. ಹೌರಾ ಕಡೆ ಹೋಗುವ ಅಮರಾವತಿ ಗಾಡಿ ಗದಗಿನ ಮೇಲೆಯೇ ಹಾದು ಹೋಗುತ್ತದೆ, ಅಲ್ಲಿ ನಿಲ್ಲುತ್ತದೆ ಕೂಡ. ಅದು ಬರುವ ಹೊತ್ತು ಅವ್ವನಿಗೆ ಗೊತ್ತಿತ್ತು, ಆದರೂ ನಿಲ್ದಾಣಕ್ಕೆ ಹೋಗಲಿಲ್ಲ. ಹೋದರೆ ಅಳು ಬರುತ್ತದೆ, ಅತ್ತರೆ ಅವನು ಹಿಂದಕ್ಕೆ ನೋಡಿದ ಹಾಗಾಗುತ್ತದೆ, ಆ ಪಾಪ ತನಗೆ ತಗಲುತ್ತದೆ ಎಂದುಕೊಂಡಳು. ಗದಗಿನಲ್ಲಿ ಅವನು ಡಬ್ಬಿಯ ಬಾಗಿಲಲ್ಲಿ ನಿಂತು, ಗಾಡಿ ಬಿಡುವವರೆಗೂ ಪ್ಲಾಟ್‌ಫಾರ್ಮ್ ನೋಡಿದ. ಅವ್ವ ಸಿಟ್ಟಾಗಿದ್ದಾಳೆ ಎಂದು ತಿಳಿದ. ಇಬ್ಬರೂ ಇದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಹದಿಮೂರು ತಿಂಗಳು ಬೇಕಾದವು.

ಅಳುವನ್ನು ಅವಿಶ್ವಾಸ ಎಂದು ಕಲಿಸಿದ್ದು ಈ ಮನೆಯ ಮೊದಲ ಗಾಯ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದೇ ಬೈಬಲಿನಲ್ಲಿ ಎಫೆಸದ ಹಿರಿಯರು ಮಿಲೇತದಲ್ಲಿ ಪೌಲನ ಕೊರಳು ತಬ್ಬಿ, ಇನ್ನು ನಿನ್ನ ಮುಖ ಕಾಣುವುದಿಲ್ಲವಲ್ಲ ಎಂದು ಬಹಳವಾಗಿ ಅತ್ತದ್ದು ಅಪೊಸ್ತಲರ ಕೃತ್ಯಗಳ ಇಪ್ಪತ್ತನೇ ಅಧ್ಯಾಯದಲ್ಲಿದೆ. ಅತ್ತು, ಹಡಗಿನವರೆಗೂ ಕಳಿಸಿಕೊಟ್ಟರು. ಆ ಭಾಗವನ್ನು ಕಳುಹಿಸುವ ಆರಾಧನೆಗಳಲ್ಲಿ ಓದಿದ್ದು ನಾನು ಕೇಳಿಲ್ಲ.

ಮುಚ್ಚಿಟ್ಟ ಸುದ್ದಿಗಳು

ಮೊದಲ ಆರು ತಿಂಗಳು ಮೇಲುನೋಟಕ್ಕೆ ಎಲ್ಲ ಚೆನ್ನಾಗಿತ್ತು. ಅವನಿದ್ದ ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲ. ಗುರುವಾರ ಸಂತೆಗೆ ಇಳಿದಾಗ ಮಾತ್ರ ಫೋನ್. “ಆರಾಮ ಅದೀನವ್ವಾ.” “ನಾನೂ ಆರಾಮಪ್ಪಾ.” ಇಷ್ಟೇ.

ಯಾರೂ ಆರಾಮ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಅವನಿಗೆ ಫಾಲ್ಸಿಪಾರಮ್ ಮಲೇರಿಯಾ ಬಂತು. ಮಿದುಳಿಗೆ ಏರಿದರೆ ಜೀವ ತೆಗೆಯುವ ಜಾತಿ ಅದು. ದಕ್ಷಿಣ ಒಡಿಶಾದ ಗುಡ್ಡಗಳಲ್ಲಿ ಮಲೇರಿಯಾ ಎಷ್ಟು ಬೇರೂರಿದೆಯೆಂದರೆ, ದುರ್ಗಮ ಹಳ್ಳಿಗಳಿಗಾಗಿಯೇ ಅಲ್ಲಿನ ಸರಕಾರ 2017ರಲ್ಲಿ ಪ್ರತ್ಯೇಕ ಕಾರ್ಯಕ್ರಮ ಶುರುಮಾಡಿ, ಜ್ವರ ಇಲ್ಲದವರ ರಕ್ತವನ್ನೂ ಶಿಬಿರ ಹಾಕಿ ಪರೀಕ್ಷಿಸಬೇಕಾಯಿತು. ತಮ್ಮ ಒಂಬತ್ತು ದಿನ ಹಾಸಿಗೆ ಹಿಡಿದ. ಮನೆಗೆ ಹೇಳಲಿಲ್ಲ. ಅದೇ ತಿಂಗಳು ಅವ್ವನ ಬಲಗಾಲಿನ ಹೆಬ್ಬೆರಳ ಕೆಳಗೆ ಹುಣ್ಣಾಗಿ ಮಾಯದೆ ಉಳಿಯಿತು. ಅವನಿಗೆ ಹೇಳಲಿಲ್ಲ. ಅಕ್ಕನಿಗೆ ಎರಡೂ ಗೊತ್ತು. ಇಬ್ಬರೂ ಅವಳಿಂದ ಆಣೆ ಹಾಕಿಸಿಕೊಂಡಿದ್ದರು.

2023ರ ಜನವರಿಯಲ್ಲಿ ಆಯಿ ಹೋದಳು. ತಮ್ಮನಿಗೆ ಸುದ್ದಿ ಮುಟ್ಟಿದ್ದು ಎರಡು ದಿನದ ಮೇಲೆ, ಮಣ್ಣಾದ ಬಳಿಕ. ಮುಟ್ಟಿದ್ದರೂ ಬರುವಂತಿರಲಿಲ್ಲ: ಬೆಟ್ಟ ಇಳಿದು, ರಾಯಗಡಾದಿಂದ ಆಂಧ್ರದ ವಿಜಯನಗರಂಗೆ ಒಂದು ಗಾಡಿ, ಅಲ್ಲಿಂದ ಗದಗಿಗೆ ಸುಮಾರು ಒಂದು ದಿನದ ದಾರಿ. ಆಯಿಯ ತೊಡೆಯ ಮೇಲೆ ಬೆಳೆದ ಹುಡುಗ. ಸುದ್ದಿ ಕೇಳಿದ ಮೇಲೆ ಅವನು ಉಪವಾಸ ಹಿಡಿದ. ಮೊದಲು ಶುಕ್ರವಾರ, ಆಮೇಲೆ ವಾರಕ್ಕೆ ಮೂರು ದಿನ. ಕರೆ ಗಟ್ಟಿಯಿದ್ದವನಿಗೆ ಇಷ್ಟು ನೋವು ಆಗಬಾರದು, ಆಗುತ್ತಿದೆಯೆಂದರೆ ನನ್ನ ನಂಬಿಕೆಯಲ್ಲೇ ಕೊರತೆ ಎಂಬ ಲೆಕ್ಕ ಅವನದು. ಮನೆಯ ದನಿ ಕೇಳಿದರೆ ನೋವು ಹೆಚ್ಚುತ್ತದೆಂದು ಗುರುವಾರದ ಫೋನನ್ನೂ ನಿಲ್ಲಿಸಿದ.

ಆ ಫೋನ್ ನಿಂತ ಮೂರನೇ ವಾರದಿಂದ ಅವ್ವ ಗುಳಿಗೆ ನಿಲ್ಲಿಸಿದ್ದಳು.

ನನ್ನ ತಪ್ಪು ಹೆಜ್ಜೆ

ಬೆಟಗೇರಿಗೆ ಹೋಗಿ ಅವ್ವನನ್ನು ಮೊದಲ ಸಲ ಕಂಡಾಗ ಖಾಲಿ ಹೊಟ್ಟೆಯ ಸಕ್ಕರೆ 280 ಇತ್ತು. ಮೊದಲು ಮಾಡಿದ್ದು ಡಾಕ್ಟರಿಗೆ ತೋರಿಸಿ ಗುಳಿಗೆ, ಕಾಲಿನ ಡ್ರೆಸ್ಸಿಂಗ್ ಶುರುಮಾಡಿಸಿದ್ದು. ಅಷ್ಟು ಸರಿಯಾಗಿತ್ತು. ನಂತರದ ಸಲಹೆ ತಪ್ಪಿತು. ಮಗನ ದನಿ ಕೇಳಿದರೆ ಆಕೆ ಚೇತರಿಸಿಕೊಳ್ಳುತ್ತಾಳೆ ಎಂದು, ಹೇಗಾದರೂ ಮಾಡಿ ದಿನಾ ಫೋನ್ ಮಾಡಲು ತಮ್ಮನಿಗೆ ಸಂಸ್ಥೆಯ ಮೂಲಕ ಹೇಳಿ ಕಳಿಸಿದೆ. ಅವನು ಕೆಲಸ ಮುಗಿಸಿ ದಿನಾ ಒಂದು ತಾಸು ಗುಡ್ಡ ಹತ್ತಿ ನೆಟ್‌ವರ್ಕ್ ಸಿಗುವ ಬಂಡೆಯ ಮೇಲೆ ಕೂತು ವಿಡಿಯೋ ಕಾಲ್ ಮಾಡತೊಡಗಿದ. ಅವ್ವ ದಿನವಿಡೀ ಆ ಹೊತ್ತಿಗೆ ಕಾಯ್ದು, ಕಾಲ್ ಬಂದ ಕೂಡಲೇ ಅತ್ತು, ಮುಗಿದ ಮೇಲೆ ಊಟ ಬಿಡುತ್ತಿದ್ದಳು. ಅವನಿಗೆ ಕೆಲಸ, ಭಾಷೆ ಕಲಿಯುವುದು ಎರಡೂ ಹಾಳು. ಹದಿನೇಳು ದಿನಕ್ಕೆ ನಿಲ್ಲಿಸಿದೆವು.

ಈ ಅಗಲಿಕೆಯ ಜಾತಿಯನ್ನೇ ನಾನು ಗುರುತಿಸಿರಲಿಲ್ಲ. ಅಮೆರಿಕದ ಪೌಲೀನ್ ಬಾಸ್ ಎಂಬ ವಿದುಷಿ 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರ ಜೊತೆ ಕೆಲಸ ಮಾಡುವಾಗ ಒಂದು ಬಗೆಯ ನಷ್ಟವನ್ನು ಗುರುತಿಸಿ, ಅದನ್ನು ‘ಅಸ್ಪಷ್ಟ ನಷ್ಟ’ ಎಂದು ಕರೆದರು. ಸತ್ತವರಿಗಾದರೆ ಮಣ್ಣಿದೆ, ಮೂರನೇ ದಿನವಿದೆ, ಬಂದು ಕೂತು ಅಳುವ ಬಂಧುಗಳಿದ್ದಾರೆ. ಇಲ್ಲದೆಯೂ ಇರುವವರಿಗಾಗಿ ಅಳಲು ಯಾವ ಪದ್ಧತಿಯೂ ಇಲ್ಲ. ಆ ದುಃಖಕ್ಕೆ ಕೊನೆಯ ದಿನಾಂಕವೇ ಇರದ ಕಾರಣ ಅದು ಹೆಪ್ಪುಗಟ್ಟುತ್ತದೆ. ಮಿಷನರಿಯ ತಾಯಿಯದು ಇದೇ ಸ್ಥಿತಿ, ಮೇಲೆ ಇನ್ನೊಂದು ಕಷ್ಟ: ಸಭೆ ಆಕೆಯನ್ನು ಧನ್ಯಳು ಎನ್ನುತ್ತಿದೆ. ಧನ್ಯಳು ಅಳುವುದೆಲ್ಲಿ?

ಅಳಲು ಜಾಗ ಕೊಟ್ಟವಳು ನಾನಲ್ಲ, ಸಭೆಯೂ ಅಲ್ಲ, ಎದುರು ಮನೆಯ ಲಿಂಗಾಯತರ ಹೆಣ್ಣುಮಗಳು. ಅವಳ ತಂಗಿಯ ಮಗನನ್ನು ಎಂಟನೇ ವಯಸ್ಸಿಗೆ ಒಂದು ಮಠಕ್ಕೆ ಮರಿಯಾಗಿ ಬಿಟ್ಟಿದ್ದರಂತೆ. ಪಟ್ಟವಾದ ಮೇಲೆ ತಂಗಿ ಹೋಗಿ ಎಲ್ಲರ ಜೊತೆ ಸಾಲಿನಲ್ಲಿ ನಿಂತು ಹೆತ್ತ ಮಗನ ಪಾದಕ್ಕೆ ಬಿದ್ದು, ಪ್ರಸಾದ ಉಂಡು, ಬಸ್ ಸ್ಟ್ಯಾಂಡಿಗೆ ಬಂದು ಗೋಳೋ ಎಂದು ಅತ್ತಳಂತೆ. “ನಿಮ್ಮ ಧರ್ಮದ ಮಾತ ನನಗ ತಿಳಿಯೂದಿಲ್ಲವಾ, ಆದರ ಈ ಸಂಕಟ ತಿಳಿತೈತಿ” ಎಂದು ದಿನಾ ಮಧ್ಯಾಹ್ನ ಬಂದು ಅವ್ವನ ಜೊತೆ ಶೇಂಗಾ ಒಡೆಯುತ್ತ ಕೂರುತ್ತಿದ್ದಳು. ಇಬ್ಬರೂ ಅಳುತ್ತಿದ್ದರು. ನೇಗಿಲಿನ ವಚನವನ್ನು ಅವ್ವ ಅವಳಿಗೆ ಹೇಳಿದಾಗ, ಮುಳಗುಂದದ ಕಡೆ ರೈತರ ಮನೆಯಲ್ಲಿ ಹುಟ್ಟಿದ ಆಕೆ ಕೊಟ್ಟ ಉತ್ತರವನ್ನು ಅವ್ವ ನನಗೆ ಒಪ್ಪಿಸಿದಳು: “ರಂಟಿ ಹೊಡಿಯಾವ ಹಿಂದ ನೋಡಬಾರದು ಖರೇನ. ನೋಡಿದ್ರ ಸಾಲ ಸೊಟ್ಟಾಕ್ಕೈತಿ. ಆದರ ಹೊಲದ ಬದು ಬಂದ ಮ್ಯಾಲ ಎತ್ತ ತಿರುಗಿಸಲಿಕ್ಕೇ ಬೇಕಲಾ? ಇಲ್ಲಂದ್ರ ಮಂದಿ ಹೊಲಕ್ಕ ಹೋಕ್ಕಾನ.”

ಈ ಮಾತನ್ನು ನಾನು ತಮ್ಮನಿಗೆ ಬರೆದು ಕಳಿಸಿದೆ. ಜೊತೆಗೆ ಬೈಬಲಿನ ಎಲೀಷನ ಪ್ರಸಂಗ. ಹನ್ನೆರಡು ಜೋಡಿ ಎತ್ತಿನಿಂದ ಉಳುತ್ತಿದ್ದವನು, ಪ್ರವಾದಿ ಎಲೀಯ ಕರೆದಾಗ, ತಂದೆತಾಯಿಗೆ ಮುದ್ದಿಟ್ಟು ಬರುತ್ತೇನೆ ಎಂದ. ಎತ್ತು ಕೊಯ್ದು, ನೇಗಿಲಿನ ಮರಮುಟ್ಟಿನಿಂದಲೇ ಬೇಯಿಸಿ, ಜನರಿಗೆ ಉಣಿಸಿ ಹೋದ. ಅವನೂ ಹೋದವನೇ, ಆದರೆ ಊರಿಗೆಲ್ಲ ಊಟ ಹಾಕಿ ಹೋದವನು.

ಗುಳಿಗೆಯ ಗುಟ್ಟು

ಏಪ್ರಿಲ್ ಕೊನೆಗೆ ಒಂದು ಮಧ್ಯಾಹ್ನ ಅವ್ವ ಬಾಯಿ ಬಿಟ್ಟಳು. ಗುಳಿಗೆ ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. “ನನಗ ಭಾಳ ಆತಂದ್ರ ಅಂವ ಬರ್ತಾನ. ದೇವರು ಕರದಾನ ಅಂತ ಹೋದ. ದೇವರ ಮಾತ ನಾ ಹೆಂಗ ತಪ್ಪಸ್ಲಿ? ನನ್ನ ಕಾಲ ಕಡದ್ರ ಅಂವಗೂ ನೆವ, ನನಗೂ ನೆವ.” ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೋಗಬೇಡ ಎನ್ನಲು ಬಾಯಿಯಿಲ್ಲದ ತಾಯಿ ತನ್ನ ದೇಹದಿಂದ ಅದನ್ನು ಹೇಳುತ್ತಿದ್ದಳು.

ಇದನ್ನು ತಮ್ಮನಿಗೆ ಹೇಳಬೇಕೋ ಬೇಡವೋ ಎಂದು ನಾನು ಎರಡು ವಾರ ತೂಗಿದೆ. ಕೊನೆಗೆ ಅವ್ವನೇ ಹೇಳಬೇಕು, ನಾನು ಪಕ್ಕದಲ್ಲಿರುತ್ತೇನೆ ಎಂದು ಒಪ್ಪಿಸಿದೆ. ಆಕೆ ಹೇಳಿದ ದಿನ ಅವನೂ ಉಪವಾಸದ ವಿಷಯ, ಜ್ವರದ ವಿಷಯ ಹೇಳಿದ. ಗದಗ ನಿಲ್ದಾಣದ ವಿಷಯ ಇನ್ನೂ ಎರಡು ತಿಂಗಳ ನಂತರ ಬಂತು. ಸಾವಿನ ಯೋಚನೆ ಬರುತ್ತದೆಯೇ ಎಂದು ಇಬ್ಬರನ್ನೂ ನೇರವಾಗಿ ಕೇಳಿದ್ದೆ. ಅವ್ವನನ್ನು ಒಮ್ಮೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದೊಯ್ದು ತೋರಿಸಿದೆ. ಗುಡ್ಡದ ಮೇಲೆ ಒಬ್ಬನೇ ಕೂತವನಿಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಕೊಟ್ಟೆ. ಅವನು ಎರಡು ಸಲ ಬಳಸಿದ. ಮಿಷನರಿಗಳಿಗೆ ಪ್ರಾರ್ಥನೆ ಸಾಕು ಎನ್ನುವವರಿಗೆ ನಾನು ಇಷ್ಟೇ ಹೇಳಬಲ್ಲೆ: ಅವನು ಪ್ರಾರ್ಥನೆ ಬಿಟ್ಟು ಅದನ್ನು ಬಳಸಲಿಲ್ಲ.

ಅಕ್ಕ

ಇಷ್ಟು ಹೊತ್ತು ತಾಯಿ ಮಗನ ಮಾತೇ ಆಯಿತು. ನಾನೂ ಹಾಗೆಯೇ ಮಾಡಿದ್ದೆ. ಐದು ತಿಂಗಳ ಮೇಲೆ ಅಕ್ಕ ಒಂದು ದಿನ ಧಾರವಾಡಕ್ಕೆ ಬಂದು, ಚಹಾ ಮುಟ್ಟದೆ ಕೂತು, “ಅಕ್ಕಾರ, ಒಂದ ಮಾತ ಕೇಳ್ಲ್ಯಾ? ಅಂವ ಸೇವಾ ಮಾಡ್ತಾನ. ಚಾಕರಿ ನಾ ಮಾಡ್ತೀನಿ. ಅಂವನ ಫೋಟೋ ಸಭಾದಾಗ ಹಚ್ಚ್ಯಾರ. ನನ್ನ ಹೆಸರ ಯಾರಿಗೆ ಗೊತ್ತೈತಿ?” ಎಂದಳು.

ನನಗೆ ನಾಚಿಕೆಯಾಯಿತು. ಲೆಕ್ಕ ತೆಗೆಸಿದೆ. ಪ್ರತಿ ಶನಿವಾರ ಹುಬ್ಬಳ್ಳಿಯಿಂದ ಗದಗಿಗೆ ಬಸ್ಸು, ಸುಮಾರು 60 ಕಿಲೋಮೀಟರ್, ರವಿವಾರ ರಾತ್ರಿ ವಾಪಸ್. ತಮ್ಮನಿಗೆ ಸಂಸ್ಥೆ ಕೊಡುವ ಹನ್ನೆರಡು ಸಾವಿರದಲ್ಲಿ ಅವನು ಮನೆಗೆ ಕಳಿಸಲಾಗುತ್ತಿದ್ದದ್ದು ಎರಡು ಸಾವಿರ. ಉಳಿದ ಏಳು ಸಾವಿರ ಅಕ್ಕನ ಹೊಲಿಗೆ ಮಷೀನಿನಿಂದ, ಗಂಡನಿಗೆ ಗೊತ್ತಾಗದ ಹಾಗೆ. ಆಯಿಯ ಮಣ್ಣಿನ ಖರ್ಚಿಗೆ ಕಿವಿಯ ಬೆಂಡೋಲೆ ಒತ್ತೆ. ಎರಡೂ ಕಡೆಯ ಗುಟ್ಟು ಹೊತ್ತವಳೂ ಅವಳೇ. ತಂದೆತಾಯಿಯ ಪೋಷಣೆಯ 2007ರ ಕಾಯ್ದೆ ಮಗ ಮಗಳು ಇಬ್ಬರ ಮೇಲೂ ಹೊಣೆ ಇಡುತ್ತದೆ. ಈ ಮನೆಯಲ್ಲಿ ಹೊಣೆ ಯಾರನ್ನೂ ಕೇಳದೆ ಒಂದೇ ಹೆಗಲಿಗೆ ಜಾರಿತ್ತು. ಕರೆ ಬಂದದ್ದು ಒಬ್ಬನಿಗೆ, ಅದರ ಬೆಲೆ ತೆರುತ್ತಿದ್ದದ್ದು ಇನ್ನೊಬ್ಬಳು. ಅಗಲಿಕೆಯ ನೋವು ಎಂದು ನಾವು ಕರೆಯುವುದರಲ್ಲಿ ಅರ್ಧ ಈ ಅನ್ಯಾಯದ ನೋವು ಎಂಬುದು ನನಗೆ ಈ ಪ್ರಕರಣದಲ್ಲೇ ಅರ್ಥವಾದದ್ದು. ಅದನ್ನು ಮುಟ್ಟದೆ ಹೇಳಿದ ಸಮಾಧಾನ ಯಾವುದೂ ಅವಳಿಗೆ ಹಿಡಿಯುವಂತಿರಲಿಲ್ಲ.

ಮಾರ್ಕನ ಏಳನೇ ಅಧ್ಯಾಯದಲ್ಲಿ ಯೇಸು ಒಂದು ಪದ್ಧತಿಯನ್ನು ಖಂಡಿಸುತ್ತಾರೆ. ತಾಯಿತಂದೆಗೆ ಸಲ್ಲಬೇಕಾದುದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು, ಎಂದು ಹೇಳಿ ಮಗ ಕೈ ತೊಳೆದುಕೊಳ್ಳುವ ಪದ್ಧತಿ. ಇದನ್ನು ತಮ್ಮನಿಗೆ ನಾನು ಓದಿ ಹೇಳಲಿಲ್ಲ, ಅವನ ತಲೆಯ ಮೇಲೆ ಇನ್ನೊಂದು ಅಪರಾಧ ಹೊರಿಸುವುದು ಬೇಡವಾಗಿತ್ತು. ಅಕ್ಕನ ಲೆಕ್ಕದ ಹಾಳೆಯನ್ನಷ್ಟೇ ಕಳಿಸಿದೆ. ಆ ವಚನವನ್ನು ಅವನೇ ಹುಡುಕಿ ಓದಿ, ನನಗೆ ವಾಪಸ್ ಬರೆದ.

ಹಳೆಯ ಅವ್ವಂದಿರು

ಇಲ್ಲಿ ಸ್ವಲ್ಪ ಬೇರೆ ಕಡೆ ಹೋಗುತ್ತೇನೆ, ಬೆಟಗೇರಿಯವಳಾಗಿ ಹೋಗದೆ ಇರಲಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಮುಟ್ಟಿದರು. ಯುರೋಪಿನ ಹಡಗಿನ ದಾರಿಯನ್ನು ಗಿಡ್ಡ ಮಾಡಿದ ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮುಂಚಿನ ಕಾಲದಲ್ಲಿ ಜರ್ಮನಿ, ಸ್ವಿಟ್ಜರ್ಲೆಂಡಿನ ಹಳ್ಳಿಗಳ ತಾಯಂದಿರಿಗೆ ಮಗನ ಕಾಗದ ಮುಟ್ಟುವಷ್ಟರಲ್ಲಿ ಅವನು ಬದುಕಿದ್ದಾನೋ ಇಲ್ಲವೋ ಗೊತ್ತಿರುತ್ತಿರಲಿಲ್ಲ. 1853ರಲ್ಲಿ ಮಿಷನ್ನು ಬಾಸೆಲ್‌ನಲ್ಲಿ ಮಕ್ಕಳ ಮನೆ ಕಟ್ಟಿ, ಇಲ್ಲಿ ಹುಟ್ಟಿದ ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಅಲ್ಲಿಗೆ ಕಳಿಸಬೇಕೆಂದು ನಿಯಮ ಮಾಡಿತು. ಆರು ವರ್ಷದ ಮಗುವನ್ನು ಹಡಗು ಹತ್ತಿಸಿ ಬಂದ ತಾಯಿ ಇಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಓದು, ಹೊಲಿಗೆ ಕಲಿಸುತ್ತಿದ್ದಳು. ಆ ನಿಯಮಕ್ಕೂ ಮುಂಚೆ, ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದ, ಮಿಷನರಿ ಗುಂಡರ್ಟರ ಮಗಳು ಮೇರಿ ಪುಟ್ಟ ಮಗುವಾಗಿದ್ದಾಗಲೇ ಯುರೋಪಿನಲ್ಲಿ ಉಳಿದಳು, ಅಪ್ಪ ಅವ್ವ ಮತ್ತೆ ಹಡಗು ಹತ್ತಿದರು. ಅದೇ 1853ರಲ್ಲಿ ಈ ನಾಡಿಗೆ ಬಂದ ಕಿಟೆಲ್ಲರ ನಿಘಂಟು ಎಲ್ಲರಿಗೂ ಗೊತ್ತು, ಅವರು ಮೊದಲ ಹೆಂಡತಿಯನ್ನು ಇಲ್ಲೇ ಕಳೆದುಕೊಂಡದ್ದು ಎಷ್ಟು ಮಂದಿಗೆ ಗೊತ್ತು?

ಇದನ್ನೆಲ್ಲ ಅವ್ವನಿಗೆ ಹೇಳಿದೆ. ಸಮಾಧಾನಕ್ಕೆಂದಲ್ಲ, ಆಕೆ ಒಬ್ಬಳೇ ಅಲ್ಲ ಎಂದು. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಆ ಕೂಸಿಗೆ ಅಲ್ಲೆ ಜಡಿ ಯಾರ ಹಾಕತಿದ್ರೋ” ಎಂದಳು.

ಮಾಡಿಕೊಂಡ ಕರಾರು

2023ರ ಆಗಸ್ಟಿನಲ್ಲಿ ಮೂವರೂ ಫೋನಿನಲ್ಲಿ ಕೂತು ಒಂದು ಮಾತಿಗೆ ಬಂದರು. ರೋಗ, ಸಾಲ, ಸಾವು: ಈ ಮೂರು ಸುದ್ದಿ ಮುಚ್ಚಿಡಬಾರದು, ಅಕ್ಕನ ಹತ್ತಿರ ಆಣೆ ಹಾಕಿಸಬಾರದು. ಫೋನ್ ಗುರುವಾರ ಮತ್ತು ರವಿವಾರ, ಅಷ್ಟೇ. ಗುರುವಾರ ಅವ್ವನ ಸಕ್ಕರೆ, ಕಾಲಿನ ಫೋಟೋ ಅವನು ನೋಡಬೇಕು. ನರ್ಸ್ ಮಗ ದೂರದಲ್ಲಿದ್ದರೂ ಆ ಕೆಲಸ ಅವನದೇ. ಇದು ನಾನೆಣಿಸಿದ್ದಕ್ಕಿಂತ ಹೆಚ್ಚು ಫಲ ಕೊಟ್ಟಿತು. ಅವ್ವ ತಪ್ಪದೆ ಗುಳಿಗೆ ನುಂಗತೊಡಗಿದ್ದು ನನ್ನ ಮಾತಿಗಲ್ಲ, ಗುರುವಾರ ಅವನಿಗೆ ಅಂಕಿ ಹೇಳಬೇಕಲ್ಲ ಎಂದು.

ಹಣದ್ದು ಕಠಿಣವಾಯಿತು. ಅವನ ಸಂಸ್ಥೆಗೆ ಕಾಣಿಕೆ ಕಳಿಸುವ ಸಭೆಯ ಹಿರಿಯರನ್ನು ಕಂಡು, ಅದರಲ್ಲಿ ಒಂದು ಪಾಲು ಅವನ ತಾಯಿಯ ಔಷಧಿಗೆ ಕೊಡಿ ಎಂದೆ. ಅಂಥ ಪದ್ಧತಿ ಇಲ್ಲ ಎಂದರು. ಶಿಲುಬೆಯ ಮೇಲೆ, ಆ ಸಂಕಟದಲ್ಲೂ ಯೇಸು ತಮ್ಮ ತಾಯಿಯನ್ನು ಶಿಷ್ಯನ ಕೈಗೊಪ್ಪಿಸಿದ್ದು, ಅವನು ಆಕೆಯನ್ನು ಮನೆಗೆ ಕರೆದೊಯ್ದದ್ದು ಯಾವ ಪದ್ಧತಿ ಎಂದು ಕೇಳಿದೆ. ಮಾತು ಗಟ್ಟಿಯಾಗಿಯೇ ಬಂತು, ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ನಾಲ್ಕು ತಿಂಗಳ ಮೇಲೆ ತಿಂಗಳಿಗೆ ಮೂರು ಸಾವಿರ ಒಪ್ಪಿದರು. ಸಭೆಯ ಯುವಕನೊಬ್ಬ ವಾರಕ್ಕೊಮ್ಮೆ ಅವ್ವನ ಮನೆಗೆ ಬರುತ್ತೇನೆಂದು ಮುಂದೆ ಬಂದ, ಮೂರು ತಿಂಗಳು ಬಂದು ನಿಲ್ಲಿಸಿದ. ಅದೇ ಓಣಿಯ ನರ್ಸಿಂಗ್ ಓದುವ ಹುಡುಗಿ, ಯಾರೂ ಹೇಳದೆಯೇ, ಈಗಲೂ ಡ್ರೆಸ್ಸಿಂಗ್ ಮಾಡಿ ಹೋಗುತ್ತಾಳೆ.

ರಾಯಗಡಾಕ್ಕೆ

2023ರ ನವೆಂಬರಿನಲ್ಲಿ ಅವ್ವ, ಅಕ್ಕ, ಅಳಿಯ ರಾಯಗಡಾಕ್ಕೆ ಹೋದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎರಡು ಚೀಲ. ಮಗ ಏನು ತಿನ್ನುತ್ತಾನೆ, ಎಲ್ಲಿ ಮಲಗುತ್ತಾನೆ, ದವಾಖಾನೆಯ ಮುಂದೆ ಯಾರು ಸಾಲು ನಿಲ್ಲುತ್ತಾರೆ ಎಲ್ಲ ಕಣ್ಣಾರೆ ಕಂಡಳು. ಅಲ್ಲಿನ ಕುವಿ ಮಾತು ನಮ್ಮ ಕನ್ನಡದ ಬಳಗದ್ದೇ, ದ್ರಾವಿಡ ಭಾಷೆ. ಕಣ್ಣಿಗೆ ‘ಕನು’ ಅನ್ನುತ್ತಾರೆ ಎಂದು ಅವನು ಹೇಳಿದಾಗ, ಪೊರೆ ಬಂದ ತನ್ನ ಕಣ್ಣು ಮುಟ್ಟಿಕೊಂಡು ಆ ಶಬ್ದವನ್ನು ಮತ್ತೆ ಮತ್ತೆ ಹೇಳಿದಳಂತೆ.

ಅಲ್ಲಿ ಒಂದು ದಿನ ಊರಿನ ಮುದುಕಿಯೊಬ್ಬಳು ಬಂದು ತಮ್ಮನಿಗೆ ರಾಗಿ ಅಂಬಲಿ ಕೊಟ್ಟು, ಕುಡಿದು ಮುಗಿಸುವವರೆಗೂ ಎದುರಿಗೇ ಕುಕ್ಕರುಗಾಲಲ್ಲಿ ಕೂತಳು. ಜ್ವರ ಬಂದ ಒಂಬತ್ತು ದಿನ ಹಾಗೆ ಕೂತವಳೂ ಆಕೆಯೇ ಎಂದು ಅವ್ವನಿಗೆ ಗೊತ್ತಾಯಿತು. ಕೈ ಮುಗಿದಳು. ರಾತ್ರಿ ನಿದ್ದೆ ಬರಲಿಲ್ಲ.

ಊರಿಗೆ ಬಂದ ಮೇಲೆ ನನ್ನ ಮುಂದೆ ಮಾರ್ಕನ ಹತ್ತನೇ ಅಧ್ಯಾಯ ತೆರೆದಿಟ್ಟಳು. ನನ್ನ ನಿಮಿತ್ತ ಮನೆ, ತಾಯಿ, ಮಕ್ಕಳನ್ನು ಬಿಟ್ಟವನಿಗೆ ಈ ಕಾಲದಲ್ಲೇ ನೂರರಷ್ಟು ಮನೆಗಳು, ತಾಯಂದಿರು, ಮಕ್ಕಳು ಸಿಗುತ್ತಾರೆ ಎಂಬ ಮಾತು. “ಖರೇ ಐತಿ ಬಾಯಾರ, ನಾ ನೋಡಿ ಬಂದೆ. ಅವಗ ಅವ್ವಗೋಳು ಸಿಕ್ಕಾರ. ಬಿಟ್ಟವಗ ನೂರು. ಬಿಡಿಸಿಕೊಂಡಾಕಿಗೆ ಎಷ್ಟ ಅಂತ ಬರದಿಲ್ಲಲ್ಲ?”

ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆಕೆಗೆ ಹೊಟ್ಟೆಕಿಚ್ಚಾಗಿತ್ತು, ಅದರ ಬಗ್ಗೆ ನಾಚಿಕೆಯೂ ಆಗಿತ್ತು. ಎರಡನ್ನೂ ಹೇಳಿಕೊಂಡಳು. ಆದರೆ ಆ ಪ್ರವಾಸದ ನಂತರ ರಾತ್ರಿ ಎದ್ದು ಕೂರುವುದು ಕಡಿಮೆಯಾಯಿತು. ಕಲ್ಪಿಸಿಕೊಳ್ಳುವುದಕ್ಕಿಂತ ಕಂಡದ್ದರ ಜೊತೆ ಬದುಕುವುದು ಸುಲಭ. ಮಗ ಮಲಗುವ ಮಂಚ ಯಾವ ಗೋಡೆಗಿದೆ ಎಂದು ಗೊತ್ತಿರುವ ತಾಯಿ ಬೇರೆ, ಗೊತ್ತಿಲ್ಲದ ತಾಯಿ ಬೇರೆ. ಸಂಸ್ಥೆಗಳು ಮೊದಲ ವರ್ಷವೇ ಮನೆಯವರನ್ನು ಅಲ್ಲಿಗೆ ಕರೆದೊಯ್ದು ತೋರಿಸಬೇಕು ಎಂದು ನಾನು ಅವನ ಸಂಸ್ಥೆಗೆ ಬರೆದಿದ್ದೇನೆ.

ಈಗಿನ ಸ್ಥಿತಿ

2024ರ ಮೇ ತಿಂಗಳಿಗೆ ನಿಯಮಿತ ಭೇಟಿ ನಿಲ್ಲಿಸಿದೆವು. ಅವ್ವನ ಹುಣ್ಣು ಮಾಯಿದೆ, ಸಕ್ಕರೆ 140ರ ಆಚೀಚೆ. ಹಾಡುವ ಗುಂಪಿಗೆ ಮರಳಿದ್ದಾಳೆ, ಮಿಷನರಿಗಳ ಮೇಲಿನ ಒಂದು ಹಾಡು ಬಂದರೆ ಮಾತ್ರ ಬಾಯಿ ಮುಚ್ಚಿ ನಿಲ್ಲುತ್ತಾಳೆ. ಯಾರೂ ಒತ್ತಾಯಿಸುವುದಿಲ್ಲ. ತಮ್ಮ ಉಪವಾಸವನ್ನು ತಿಂಗಳಿಗೊಂದಕ್ಕೆ ಇಳಿಸಿದ್ದಾನೆ. ಅಕ್ಕನ ಸಿಟ್ಟು ಪೂರ್ತಿ ಹೋಗಿಲ್ಲ, ಹೋಗಲೇಬೇಕೆಂದು ನನಗೆ ಅನ್ನಿಸುವುದೂ ಇಲ್ಲ. ಅವ್ವನಿಗೆ ಇನ್ನೂ ವಯಸ್ಸಾದರೆ ಮುಂದೇನು ಎಂಬುದನ್ನು 2026ರಲ್ಲಿ ಮೂವರೂ ಮತ್ತೆ ಕೂತು ಮಾತಾಡುವುದೆಂದು ನಿಗದಿಯಾಗಿದೆ.

2024ರ ಡಿಸೆಂಬರಿನಲ್ಲಿ ತಮ್ಮ ಐದು ವಾರದ ರಜೆಗೆ ಬಂದ. ಬಂದ ಎರಡನೇ ದಿನ ಅಕ್ಕನ ಮನೆಗೆ ಹೋಗಿ, ಔಷಧಿಯ ಚೀಟಿ, ಲೆಕ್ಕದ ಹಾಳೆ, ಅವ್ವನ ಮನೆಯ ಎರಡನೇ ಕೀಲಿಕೈ ಇಸಕೊಂಡ. ಒತ್ತೆಯಿಟ್ಟ ಬೆಂಡೋಲೆಯ ಅರ್ಧ ದುಡ್ಡು ಕೊಟ್ಟ. ಕ್ರಿಸ್‌ಮಸ್ ಆದ ಮೇಲೆ ಅಕ್ಕ ಗಂಡ ಮಕ್ಕಳ ಜೊತೆ ಐದು ದಿನದ ಮಟ್ಟಿಗೆ ಕಾರವಾರಕ್ಕೆ ಹೋದಳು, ಮದುವೆಯಾದ ಮೇಲೆ ಅದೇ ಮೊದಲ ಸಲ ಸಮುದ್ರಕ್ಕೆ. ಎರಡು ವರ್ಷದಿಂದ ವಾರಕ್ಕೆ ಎರಡು ಸಲವಾದರೂ ಅವಳಿಂದ ನನಗೆ ಫೋನ್ ಬರುತ್ತಿತ್ತು. ಆ ಐದು ದಿನ ಒಂದೂ ಬರಲಿಲ್ಲ.